ಬುಧವಾರ ಬನ್ನಿ

ನಮ್ಮ ದೊಡ್ಡಮ್ಮನ ಹೊಲಿಗೆ ಅಂಗಡಿಗೆ ಯಾರು ಯಾವ ದಿನ ಬಟ್ಟೆ ತಂದುಕೊಟ್ಟರೂ ಅವಳ ಬಾಯಿಂದ ಬರುವ ಮಾತು ಒಂದೇ: "ಬುಧವಾರ ಬನ್ನಿ." ಬುಧವಾರ ಹೋದರೆ "ಎಲ್ಲ ಆಯ್ತು, ಗುಂಡಿ ಒಂದೇ ಬಾಕಿ" ಎನ್ನುತ್ತಾಳೆ. ಆ ಹೊತ್ತಿಗೆ ಬಟ್ಟೆಗೆ ಕತ್ತರಿಯೂ ತಾಗಿರುವುದಿಲ್ಲ. ಶನಿವಾರ ಬೆಳಿಗ್ಗೆ ಹೋದರೆ ಮಾತ್ರ ಇಸ್ತ್ರಿ ಮಾಡಿ, ಮಡಿಸಿ, ಕಾಗದದಲ್ಲಿ ಸುತ್ತಿ ಇಟ್ಟಿರುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಅವಳ ಒಂದು ಶನಿವಾರವೂ ತಪ್ಪಿಲ್ಲ, ಒಂದು ಬುಧವಾರವೂ ನಿಜವಾಗಿಲ್ಲ. ಬೀದಿಯವರು ಅವಳಿಗೆ ಬುಧವಾರದಮ್ಮ ಎಂದೇ ಹೆಸರಿಟ್ಟಿದ್ದಾರೆ.

ಯಾಕೆ ಹೀಗೆ ಸುಳ್ಳು ಹೇಳುತ್ತೀ ಎಂದು ನಾನು ಒಮ್ಮೆ ಕೇಳಿದ್ದೆ.

"ಸುಳ್ಳಲ್ಲ ಕಣೆ. ಅಂಗಿ ಹೊಲಿವಾಗ ಒಳಗೆ ಒಂದಿಂಚು ಜಾಸ್ತಿ ಬಟ್ಟೆ ಬಿಡಲ್ವಾ, ನಾಳೆ ದಪ್ಪ ಆದ್ರೆ ಬಿಚ್ಚಿಕೊಳ್ಳೋಕೆ? ದಿನ ಹೇಳುವಾಗ್ಲೂ ಹಾಗೇ ಜಾಸ್ತಿ ಬಿಡ್ಬೇಕು. ಶನಿವಾರ ಬನ್ನಿ ಅಂದ್ರೆ ಜನ ಮಂಗಳವಾರ ಬರ್ತಾರೆ. ಬುಧವಾರ ಅಂದ್ರೆ ಸರಿಯಾಗಿ ಶನಿವಾರ ಬರ್ತಾರೆ. ಲೋಕದಲ್ಲಿ ಯಾರೇ ತಾರೀಖು ಹೇಳಿದ್ರೂ ಮೂರು ದಿನ ಸೇರಿಸ್ಕೋಬೇಕು, ಅದೇ ಲೆಕ್ಕ."

ಇದು ಅವಳಿಗೆ ತಮಾಷೆಯ ಮಾತಲ್ಲ, ಬಾಳಿನ ತತ್ವ. ಈ ತತ್ವದಿಂದಲೇ ಅವಳ ಮನೆ ಕೈತಪ್ಪಿ ಹೋಗುವುದರಲ್ಲಿತ್ತು.

ಮನೆ ಎಂದರೆ ನೆಲಮಹಡಿಯ ಎರಡು ಕೋಣೆ. ಮುಂದಿನದರಲ್ಲಿ ಮೆಷಿನ್ನು, ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ಬಣ್ಣಬಣ್ಣದ ನೂಲಿನ ಉಂಡೆಗಳು. ಹಿಂದಿನದರಲ್ಲಿ ಮಂಚ, ಒಲೆ, ಮತ್ತು ದೊಡ್ಡಪ್ಪ. ಎರಡನ್ನೂ ಬಾಡಿಗೆಗೆ ಹಿಡಿದು ಇಪ್ಪತ್ತೆರಡು ವರ್ಷ. ಮುಂದಿನ ಕೋಣೆಗೆ ಉತ್ತರಕ್ಕೊಂದು ದೊಡ್ಡ ಕಿಟಕಿ. ಅದರ ಬೆಳಕಿನಲ್ಲಿ ಬಣ್ಣ ಮೋಸ ಮಾಡುವುದಿಲ್ಲ. ಟ್ಯೂಬ್‌ಲೈಟಿನಲ್ಲಿ ಕಡುನೀಲಿ, ಕಪ್ಪು ಎರಡೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಅಂಗಿಗೆ ನೂಲು ಹೊಂದಿಸುವಾಗಲೆಲ್ಲ ದೊಡ್ಡಮ್ಮ ಎದ್ದು ಆ ಕಿಟಕಿಯ ಹತ್ತಿರ ಹೋಗುತ್ತಾಳೆ. ಹಗಲಲ್ಲಿ ಐವತ್ತು ಸಲವಾದರೂ ಹೋಗುತ್ತಾಳೆ.

ಮನೆಯ ಯಜಮಾನರು ಮೇಲೆ ಇದ್ದರು. ಗಡಿಯಾರ ರಿಪೇರಿ ಮಾಡುತ್ತಿದ್ದವರು, ಈಗ ಮೊಣಕಾಲು ರಿಪೇರಿಗೆ ಬಂದಿತ್ತು. ಒಂದು ಬೆಳಿಗ್ಗೆ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದರು.

"ನಾನಾದ್ರೂ ಹೋಗ್ಬೇಕು, ಮೆಟ್ಟಿಲಾದ್ರೂ ಹೋಗ್ಬೇಕು. ಮೆಟ್ಟಿಲು ಹೋಗಲ್ಲ ಅಂತಿದೆ" ಎಂದರು. "ಕೆಳಗಿನ ಭಾಗ ಮಾರ್ತಿದೀನಿ ತಾಯಿ. ನೀನು ತಗೊಳ್ಳೋದಾದ್ರೆ ಎರಡು ತಿಂಗಳು ಕಾಯ್ತೀನಿ. ಆಮೇಲೆ ಪಕ್ಕದ ಟೈಲ್ಸ್ ಅಂಗಡಿಯವನಿಗೆ. ಅವನು ಕಿಟಕಿ ಮುಚ್ಚಿ ಗೋಡೌನ್ ಮಾಡ್ಕೋತಾನಂತೆ."

ದೊಡ್ಡಮ್ಮನಿಗೆ ಐವತ್ತೊಂದು ವರ್ಷ. ಸೂಜಿಯನ್ನು ಬಿಟ್ಟರೆ ಏನನ್ನೂ ಯಾರಿಂದಲೂ ಸಾಲ ತಂದವಳಲ್ಲ. ಕೂಡಿಟ್ಟದ್ದೆಲ್ಲ ಸೇರಿದರೆ ಮನೆಯ ಬೆಲೆಯ ಮೂರರಲ್ಲಿ ಒಂದು ಪಾಲು. ದೊಡ್ಡಪ್ಪನನ್ನು ಕೇಳಿದಳು. ದೊಡ್ಡಪ್ಪ ಶಾಲೆಯ ವ್ಯಾನು ಓಡಿಸುವವರು. ಅವರ ವ್ಯಾನಿನಲ್ಲಿ ಮಕ್ಕಳು ಎಷ್ಟು ಗದ್ದಲ ಮಾಡುತ್ತಾರೆಂದರೆ ಮನೆಯಲ್ಲಿ ಅವರು ಮಾತನ್ನೇ ಬಿಟ್ಟಿದ್ದಾರೆ. "ನೋಡೋಣ" ಎಂದರು. ನಂತರ ನನಗೆ ಕರೆ ಬಂತು. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನಿಸ್ಟು. ನಮ್ಮ ಮನೆತನದಲ್ಲಿ ಫಾರಂ ತುಂಬಲು ಹುಟ್ಟಿದವಳು ನಾನೊಬ್ಬಳೇ ಎಂದು ಎಲ್ಲರೂ ಸೇರಿ ತೀರ್ಮಾನಿಸಿ ಬಹಳ ವರ್ಷಗಳಾಗಿವೆ.

ಮೊದಲು ಬಂದವರು ಒಂದು ಬ್ಯಾಂಕಿನವರೇ. ಕೂತ ಕೂಡಲೇ ತಮ್ಮ ಹೋಮ್ ಲೋನನ್ನು ಹೊಗಳಲು ಶುರುಮಾಡಿದರು. ದೊಡ್ಡಮ್ಮ ಅವರ ಅಂಗಿಯ ಕಾಲರು ನೋಡುತ್ತ ಕೇಳಿಸಿಕೊಂಡಳು.

"ಬೇರೆ ಬ್ಯಾಂಕಿನ ಸಾಲ ಹೇಗಿದೆ?"

"ನಮ್ಮದೇ ಒಳ್ಳೇದು ಅಮ್ಮ."

"ನಿಮಗೆ ಸಂಬಳ ಕೊಡೋರು ಯಾರು?"

"ಬ್ಯಾಂಕು."

"ಕಾಫಿ ಕುಡೀರಿ" ಎಂದಳು ದೊಡ್ಡಮ್ಮ. ಅಲ್ಲಿಗೆ ಅವರ ಕತೆ ಮುಗಿಯಿತು.

ಅವರು ಹೋದಮೇಲೆ ನನಗೆ ಕಾರಣ ಹೇಳಿದಳು. ಸ್ವಂತ ಅಂಗಡಿ ಮಾಡುವ ಮೊದಲು ಅವಳು ಒಂದು ಬಟ್ಟೆ ಅಂಗಡಿಯ ಮೂಲೆಯಲ್ಲಿ ಮೆಷಿನ್ನು ಹಾಕಿಕೊಂಡಿದ್ದಳು. ಗಿರಾಕಿಗಳು "ಈ ಬಟ್ಟೆ ಕುಗ್ಗತ್ತಾ?" ಎಂದು ಕೇಳಿದರೆ "ಇಲ್ಲ" ಎನ್ನುವುದು ಅವಳ ಕೆಲಸದ ಒಂದು ಭಾಗ. ಒಬ್ಬ ಮೇಷ್ಟ್ರು ಅವಳ ಮಾತು ನಂಬಿ ಪ್ಯಾಂಟು ಹೊಲಿಸಿದರು. ಒಂದು ಒಗೆತಕ್ಕೆ ಅದು ಮೀನಖಂಡಕ್ಕೆ ಏರಿತು. ಮೇಷ್ಟ್ರು ಬೈಯಲಿಲ್ಲ, ಅದನ್ನೇ ಹಾಕಿಕೊಂಡು ವರ್ಷವಿಡೀ ಅಂಗಡಿಯ ಮುಂದೆ ಓಡಾಡಿದರು. ಆ ನಾಚಿಕೆ ತಡೆಯಲಾರದೆ ದೊಡ್ಡಮ್ಮ ಮೆಷಿನ್ನು ಎತ್ತಿಕೊಂಡು ಈ ಕಿಟಕಿಗೆ ಬಂದಳು.

"ಅಂಗಡಿಯೊಳಗೆ ಕೂತ ಟೈಲರ್‌ಗೆ ಬಟ್ಟೆ ಕುಗ್ಗೋದು ಕಾಣಲ್ಲ ಕಣೆ. ನನಗೆ ಹೊರಗೆ ಕೂತೋರು ಬೇಕು."

ಹೊರಗೆ ಕೂತವರು ಎಂದರೆ ಯಾವ ಬ್ಯಾಂಕಿಗೂ ಸೇರದ ಬ್ರೋಕರು. ನಾನು ವಿಚಾರಿಸಿ ಒಬ್ಬರನ್ನು ಕಂಡುಹಿಡಿದೆ. ಆಫೀಸಿನ ಗಾಜಿನ ಬಾಗಿಲ ಮೇಲೆ "ಸ್ವತಂತ್ರ ಸಲಹೆಗಾರರು" ಎಂದು ಬಂಗಾರದ ಬಣ್ಣದಲ್ಲಿ ಬರೆದಿತ್ತು. ಒಳಗೆ ಕೋಟು ತೊಟ್ಟವರು ನಗುತ್ತ ಎದ್ದರು. ನಾವು ಕೂರುವ ಮೊದಲೇ ಫಾರಮ್ಮಿನ ಅರ್ಧ ಭಾಗ ತುಂಬಿಯಾಗಿತ್ತು.

"ಮೂರೇ ದಿನ, ಲೋನ್ ನಿಮ್ಮ ಕೈಯಲ್ಲಿ. ನನಗೆ ಒಂದು ಪೈಸೆ ಕೊಡಬೇಕಾಗಿಲ್ಲ."

"ಮತ್ತೆ ನಿಮಗೆ ಕೊಡೋರು ಯಾರು?" ಎಂದು ದೊಡ್ಡಮ್ಮ ಕೇಳಿದಳು.

"ಅದು ಬಿಡಿ ಅಮ್ಮ, ನಮ್ಮ ತಾಪತ್ರಯ ನಿಮಗ್ಯಾಕೆ?"

ದೊಡ್ಡಮ್ಮ ಮೇಜಿನ ಮೇಲೆ ಬಾಗಿ, ಕೇಳದೆಯೇ ಅವರ ಕೋಟಿನ ಅಂಚು ತಿರುಗಿಸಿ ನೋಡಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೊರಗೆ ಬಂದಮೇಲೆ ತೀರ್ಪು ಕೊಟ್ಟಳು.

"ಒಳಗೆ ಹೊಲಿಗೆನೇ ಇಲ್ಲ, ಬರೀ ಗೋಂದು. ಕೋಟು ಹಾಳಾಗ್ಲಿ, ನನ್ನ ಸಂಪಾದನೆ ಎಷ್ಟು ಅಂತ ಒಂದು ಮಾತು ಕೇಳಿದ್ನಾ? ಅಳತೆ ತಗೊಳ್ಳದೆ ಕತ್ತರಿ ಹಾಕೋನ ಹತ್ರ ನಾನು ಕರವಸ್ತ್ರಾನೂ ಹೊಲಿಸಲ್ಲ."

ಹೀಗೆ ಮೂರು ವಾರ ಕಳೆಯಿತು. ಲೋಕದ ಬ್ರೋಕರುಗಳಿಗೆಲ್ಲ ಒಳ್ಳೆಯ ಟೈಲರ್ ಸಿಗುವವರೆಗೆ ನಾವು ಕಾಯಲಾಗುವುದಿಲ್ಲ ಎಂದು ನಾನು ರೇಗಿದೆ. ದೊಡ್ಡಪ್ಪ "ನೋಡೋಣ" ಎಂದರು.

ಮೂರನೆಯವರು ಸಿಕ್ಕಿದ್ದು ಕನ್ನಡಕದ ಅಂಗಡಿಯ ಮೇಲಿನ ಒಂದೇ ಕೋಣೆಯ ಆಫೀಸಿನಲ್ಲಿ. ನಲವತ್ತರ ಹೆಂಗಸು, ಕುತ್ತಿಗೆಯಲ್ಲಿ ಕನ್ನಡಕ, ಸುತ್ತ ರಟ್ಟಿನ ಫೈಲುಗಳು. ಒಂದು ಗಂಟೆ ಬರೀ ಪ್ರಶ್ನೆ ಕೇಳಿದರು: ಯಾವ ತಿಂಗಳು ಕೆಲಸ ಜಾಸ್ತಿ, ಯಾವ ತಿಂಗಳು ಕಮ್ಮಿ, ವ್ಯಾನು ಸ್ವಂತದ್ದೋ, ದೊಡ್ಡಪ್ಪನ ಕಣ್ಣು ಹೇಗಿದೆ. ನಿಮಗೆ ಕೊಡೋರು ಯಾರು ಎಂದು ದೊಡ್ಡಮ್ಮ ತನ್ನ ಪ್ರಶ್ನೆ ಕೇಳಿದಾಗ ಒಂದು ಹಾಳೆ ಮುಂದಿಟ್ಟರು.

"ನೀವು ನನಗೆ ಕೊಡಬೇಕಾದ್ದು ಇದು. ಲೋನ್ ಆದ್ರೆ ಬ್ಯಾಂಕಿನವರು ಕೊಡೋದು ಇದು. ಯಾವ ಬ್ಯಾಂಕು ನನಗೆ ಜಾಸ್ತಿ ಕೊಡತ್ತೆ ಅನ್ನೋದೂ ಇದರಲ್ಲೇ ಇದೆ. ನಾನು ಅದನ್ನೇ ಹೊಗಳಿದ್ರೆ ಯಾಕೆ ಅಂತ ಕೇಳಿ. ಮತ್ತೆ ಇನ್ನೊಂದು ಮಾತು. ಹನ್ನೊಂದು ಬ್ಯಾಂಕಲ್ಲಿ ಎಂಟು ನಿಮಗೆ ಕೊಡಲ್ಲ. ವಯಸ್ಸು ಒಂದು, ಸಂಬಳದ ಚೀಟಿ ಇಲ್ಲದ್ದು ಇನ್ನೊಂದು. ಉಳಿದ ಮೂರರಲ್ಲಿ ನೋಡೋಣ."

ದೊಡ್ಡಮ್ಮನ ಮುಖ ಸ್ವಲ್ಪ ಇಳಿಯಿತು. ಆದರೂ ಅವಳ ಕಣ್ಣು ಆ ಹೆಂಗಸಿನ ಅಂಗಿಯಿಂದ ಕದಲಿರಲಿಲ್ಲ.

"ನಿಮ್ಮ ಎಡತೋಳು ಅರ್ಧ ಇಂಚು ಉದ್ದ ಇದೆ" ಎಂದಳು.

"ಗೊತ್ತು. ಟೈಲರು ಬುಧವಾರ ಅಂದವನು ತಿಂಗಳಾದ ಮೇಲೆ ಕೊಟ್ಟ. ಸರಿಮಾಡೋಕೆ ಕೊಟ್ರೆ ಇನ್ನೊಂದು ತಿಂಗಳು ಅಂತ ಹಾಗೇ ಹಾಕ್ಕೊಂಡೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ದೊಡ್ಡಮ್ಮ ಕೊರಳಲ್ಲಿದ್ದ ಅಳತೆ ಟೇಪು ಮುಟ್ಟಿ ನೋಡಿಕೊಂಡಳು. ನಾನು ಕಷ್ಟಪಟ್ಟು ನಗು ತಡೆದೆ.

ಸಂಬಳದ ಚೀಟಿಯ ಬದಲು ದೊಡ್ಡಮ್ಮ ತನ್ನ ಅಳತೆ ಪುಸ್ತಕಗಳನ್ನು ಚೀಲದಲ್ಲಿ ಹೊತ್ತು ತಂದಿದ್ದಳು. ಪುಟಕ್ಕೊಬ್ಬ ಗಿರಾಕಿ, ಬಟ್ಟೆಯ ಒಂದು ಚೂರು ಗುಂಡುಪಿನ್ನಿನಲ್ಲಿ ಚುಚ್ಚಿದ್ದು, ಕೆಳಗೆ ಎರಡು ತಾರೀಖು. ಬ್ರೋಕರಮ್ಮ ಕನ್ನಡಕ ಏರಿಸಿ ಪುಟ ತಿರುವಿದರು.

"ಈ ನೀಲಿ ತಾರೀಖು ಯಾವುದು? ಕೆಂಪು ಯಾವುದು?"

"ನೀಲಿ ನಾನು ಹೇಳಿದ್ದು. ಕೆಂಪು ಕೆಲಸ ಆಗಿದ್ದು."

ಅವರು ಇನ್ನೂ ಹತ್ತು ಪುಟ ತಿರುವಿದರು, ಇನ್ನೊಂದು ಪುಸ್ತಕ ತೆಗೆದು ಅದರಲ್ಲೂ ನಡುವಿನ ಪುಟ ನೋಡಿ ಮುಚ್ಚಿದರು. ಮೆಟ್ಟಿಲು ಇಳಿಯುವಾಗ ದೊಡ್ಡಮ್ಮ "ಇವರೇ ಆಗ್ಲಿ" ಎಂದಳು. ತೋಳು ಉದ್ದ ಇದೆಯಲ್ಲ ಎಂದು ನಾನು ಚುಚ್ಚಿದೆ. "ತಪ್ಪನ್ನ ಮುಚ್ಚಿಡ್ಲಿಲ್ಲ ನೋಡು" ಎಂದಳು.

ಹತ್ತು ದಿನಕ್ಕೆ ಬ್ರೋಕರಮ್ಮನ ಫೋನು ಬಂತು. ಒಂದು ಬ್ಯಾಂಕು ಒಪ್ಪುವ ಹಾಗಿದೆ. ಆದರೆ ಕಾಗದ ತಡವಾದರೆ ಮತ್ತೆ ಮುಂದಿನ ತಿಂಗಳು, ಅಷ್ಟರಲ್ಲಿ ಯಜಮಾನರ ಗಡುವು ಮುಗಿದಿರುತ್ತದೆ. ಬಾಡಿಗೆ ರಸೀತಿ, ಶಾಲೆಯವರ ಯೂನಿಫಾರಂ ಆರ್ಡರಿನ ಪತ್ರ, ಯಜಮಾನರ ಒಪ್ಪಿಗೆ ಪತ್ರ, ಎಲ್ಲವೂ ಬುಧವಾರ ಹನ್ನೆರಡು ಗಂಟೆಯೊಳಗೆ ತಮ್ಮ ಆಫೀಸಿನಲ್ಲಿರಬೇಕು. ನಾನು ಕೆಂಪಕ್ಷರದಲ್ಲಿ ಬರೆದು ಮೆಷಿನ್ನಿಗೆ ಅಂಟಿಸಿ ಬಂದೆ.

ಆ ವಾರ ಕ್ಲಿನಿಕ್ಕಿನಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಶುಕ್ರವಾರ ಸಂಜೆ ದೊಡ್ಡಮ್ಮನ ಅಂಗಡಿಗೆ ಹೋದರೆ ಕಾಗದಗಳೆಲ್ಲ ಇಸ್ತ್ರಿ ಮಾಡಿದಂತೆ ನೀಟಾಗಿ ಒಂದು ಲಕೋಟೆಯಲ್ಲಿ, ಮೇಜಿನ ಮೇಲೆ.

"ಇನ್ನೂ ಕೊಟ್ಟಿಲ್ವಾ?"

"ನಾಳೆ ಕೊಡ್ತೀನಿ."

"ಬುಧವಾರ ಅಂದಿದ್ರಲ್ಲ ದೊಡ್ಡಮ್ಮ."

"ಹೂಂ ಕಣೆ, ಬುಧವಾರ ಅಂದಿದ್ರು. ಅದಕ್ಕೇ ನಾಳೆ."

ಹಲ್ಲು ಕೀಳಿಸಿಕೊಂಡವರ ಕೂಗು ದಿನವಿಡೀ ಕೇಳುವವಳು ನಾನು. ಆದರೆ ಆವತ್ತು ನಾನು ಕೂಗಿದ ಹಾಗೆ ಯಾರೂ ಕೂಗಿರಲಾರರು. ಬ್ಯಾಂಕು ಎಂದರೆ ಟೈಲರ್ ಅಂಗಡಿಯಲ್ಲ, ಅಲ್ಲಿ ಗುಂಡಿ ಒಂದೇ ಬಾಕಿ ಎನ್ನುವ ಮಾತಿಲ್ಲ, ಬುಧವಾರ ಎಂದರೆ ಬುಧವಾರ ಎಂದೆ. ದೊಡ್ಡಮ್ಮ ಮೊದಲು ನಕ್ಕಳು, ಆಮೇಲೆ ನನ್ನ ಮುಖ ನೋಡಿದಳು, ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟಳು. ಬ್ರೋಕರಮ್ಮನಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಇಪ್ಪತ್ತೆರಡು ವರ್ಷದ ಒಂದೇ ಮಾತು ಮನೆಯನ್ನೇ ಕೆಡಿಸಿತ್ತು.

"ಗೋಡೌನ್ ಮಾಡ್ತಾನಂತೆ ಕಣೆ" ಎಂದಳು ದೊಡ್ಡಮ್ಮ ಕಿಟಕಿಯ ಕಡೆ ನೋಡುತ್ತ. "ಇನ್ನೆಲ್ಲಿ ಹೋಗಿ ನೂಲು ನೋಡ್ಲಿ ನಾನು?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು, ನನಗೂ ಅಳು ಬಂತು. ದೊಡ್ಡಪ್ಪ ಹಿಂದಿನ ಕೋಣೆಯಿಂದ ಬಂದು, "ನಾಳೆ ಬೆಳಿಗ್ಗೆ ನಾನೇ ವ್ಯಾನಲ್ಲಿ ಕರ್ಕೊಂಡು ಹೋಗ್ತೀನಿ" ಎಂದರು. ಅಷ್ಟು ಉದ್ದದ ವಾಕ್ಯ ಅವರಿಂದ ಹೊರಟದ್ದು ನೋಡಿ ಪರಿಸ್ಥಿತಿ ಎಷ್ಟು ಕೆಟ್ಟಿದೆ ಎಂದು ನನಗೆ ಖಚಿತವಾಯಿತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತಿದೆವು. ಬ್ರೋಕರಮ್ಮ ಬಾಗಿಲು ತೆಗೆದು ಟೀ ಕುಡಿಯುತ್ತ ಕೂತಿದ್ದರು. ಎದುರಿಗೆ ಕುರ್ಚಿ ಹಾಕಿ ಇಟ್ಟಿದ್ದರು.

"ಬನ್ನಿ ಅಮ್ಮ, ನಿಮ್ಮನ್ನೇ ಕಾಯ್ತಿದ್ದೆ" ಎಂದರು.

ದೊಡ್ಡಮ್ಮ ಲಕೋಟೆ ಎದೆಗೊತ್ತಿಕೊಂಡು ನಿಂತೇ ಇದ್ದಳು. "ತಪ್ಪಾಯ್ತು. ಬುಧವಾರ ಅಂದ್ರೆ ಬುಧವಾರಾನೇ ಅಂತ ನನಗೆ ಹೊಳೀಲೇ ಇಲ್ಲ. ಇನ್ನೇನಾದ್ರೂ ದಾರಿ ಇದ್ಯಾ?"

"ಬ್ಯಾಂಕಿನ ಗಡುವು ಇವತ್ತು ಹನ್ನೆರಡು ಗಂಟೆ" ಎಂದರು ಅವರು, ಲಕೋಟೆ ತೆಗೆದುಕೊಳ್ಳುತ್ತ. "ನಿಮ್ಮ ಪುಸ್ತಕದಲ್ಲಿ ನೀಲಿಗೂ ಕೆಂಪಿಗೂ ಮಧ್ಯೆ ಯಾವಾಗ ನೋಡಿದ್ರೂ ಮೂರು ದಿನ. ನಾಲ್ಕು ಇಲ್ಲ, ಎರಡೂ ಇಲ್ಲ. ಅದಕ್ಕೇ ನಿಮಗೆ ಬುಧವಾರ ಅಂದೆ. ಅಳತೆ ತಗೊಳ್ಳದೆ ಕತ್ತರಿಸೋಕಾಗತ್ತಾ?"

ದೊಡ್ಡಪ್ಪ ಜೋರಾಗಿ ನಕ್ಕುಬಿಟ್ಟರು. ನನಗೆ ಮಾತ್ರ ಫೋನು ಎತ್ತದೆ ನಮ್ಮನ್ನು ಇಡೀ ರಾತ್ರಿ ಹೆದರಿಸಿದ್ದಕ್ಕೆ ಆಕೆಯ ಮೇಲೆ ಕೋಪವಿತ್ತು. ಕೇಳಿದೆ. ಸಂಜೆ ಆರರ ಮೇಲೆ ಯಾರ ಫೋನನ್ನೂ ಎತ್ತುವುದಿಲ್ಲ, ಅದನ್ನು ಮೊದಲ ದಿನ ಕೊಟ್ಟ ಹಾಳೆಯ ಕೊನೆಯ ಸಾಲಿನಲ್ಲೇ ಬರೆದಿದೆ ಎಂದರು. ಫಾರಂ ತುಂಬಲು ಹುಟ್ಟಿದ ನಾನು ಕೊನೆಯ ಸಾಲು ಓದಿರಲಿಲ್ಲ.

ಸಾಲ ಆಯಿತು. ಮನೆ ದೊಡ್ಡಮ್ಮನ ಹೆಸರಿಗೆ ಬಂತು. ಯಜಮಾನರು ಮೆಟ್ಟಿಲಿಲ್ಲದ ಮನೆಗೆ ಹೋದರು. ದೊಡ್ಡಮ್ಮ ಕಿಟಕಿಯ ಗಾಜನ್ನು ಒರೆಸಿ ಒರೆಸಿ, ಗಾಜು ಇದೆಯೋ ಇಲ್ಲವೋ ಎಂದು ಅನುಮಾನ ಬರುವಂತೆ ಮಾಡಿದಳು. ಆಮೇಲೆ ಬ್ರೋಕರಮ್ಮನ ಅಂಗಿಯನ್ನು ಹಠಮಾಡಿ ತರಿಸಿಕೊಂಡಳು, ತೋಳು ಸರಿಮಾಡಲು. ಬುಧವಾರ ಬನ್ನಿ ಎಂದಳು. ಮಂಗಳವಾರವೇ ಕೆಲಸ ಮುಗಿಸಿ, ಬುಧವಾರ ಬೆಳಿಗ್ಗೆಯಿಂದ ಬಾಗಿಲು ನೋಡುತ್ತ ಕೂತಳು. ಸಂಜೆ ಅಂಗಡಿ ಮುಚ್ಚುವವರೆಗೂ ಯಾರೂ ಬರಲಿಲ್ಲ. ಗುರುವಾರ ಊಟ ಸರಿಯಾಗಿ ಮಾಡಲಿಲ್ಲ. ಶುಕ್ರವಾರ ನನಗೆ ಫೋನು ಮಾಡಿ, "ಜನಕ್ಕೆ ಮಾತಿನ ಬೆಲೆನೇ ಇಲ್ಲ ಕಣೆ" ಎಂದಳು.

ಬ್ರೋಕರಮ್ಮ ಶನಿವಾರ ಬಂದರು. ನಾನೂ ಅಲ್ಲೇ ಇದ್ದೆ.

"ಬುಧವಾರ ಅಂದಿದ್ನಲ್ಲ" ಎಂದಳು ದೊಡ್ಡಮ್ಮ ಸಿಡುಕಿ.

"ಅದಕ್ಕೇ ಇವತ್ತು ಬಂದೆ."

ದೊಡ್ಡಮ್ಮ ಅಳತೆ ಪುಸ್ತಕ ತೆಗೆದು ಅವರ ಪುಟ ತೋರಿಸಿದಳು. ನೀಲಿಯಲ್ಲೂ ಕೆಂಪಿನಲ್ಲೂ ಅದೇ ಬುಧವಾರದ ತಾರೀಖು. ಬ್ರೋಕರಮ್ಮ ಅದನ್ನು ಬಹಳ ಹೊತ್ತು ನೋಡಿದರು, ಕ್ಷಮಿಸಿ ಎಂದರು, ಅಂಗಿ ತೊಟ್ಟುಕೊಂಡು ಎರಡೂ ಕೈಯನ್ನು ಮುಂದೆ ಚಾಚಿ ಕಿಟಕಿಯ ಬೆಳಕಿನಲ್ಲಿ ನೋಡಿಕೊಂಡರು. ತೋಳುಗಳು ಸಮವಾಗಿದ್ದವು.

ಅವರು ಹೋದಮೇಲೆ ಪಕ್ಕದ ಬೀದಿಯ ಹೆಂಗಸೊಬ್ಬಳು ಬಟ್ಟೆ ತಂದಳು. ದೊಡ್ಡಮ್ಮ ಅಳತೆ ತೆಗೆದುಕೊಂಡಳು, ನೀಲಿ ಪೆನ್ನು ಹಿಡಿದಳು, ಸ್ವಲ್ಪ ಯೋಚಿಸಿದಳು. ಸ್ವಂತ ಮನೆಯವಳಾದ ಮೇಲೆ ಸತ್ಯ ಹೇಳಬೇಕೆಂದು ಅನ್ನಿಸಿರಬೇಕು.

"ಶನಿವಾರ ಬನ್ನಿ" ಎಂದಳು.

ಆ ಹೆಂಗಸಿನ ಮುಖ ಸಪ್ಪಗಾಯಿತು. "ಅಯ್ಯೋ, ಹಾಗಾದ್ರೆ ಸಿಗೋದು ಮಂಗಳವಾರ. ನನಗೆ ಭಾನುವಾರ ಹಾಕ್ಕೋಬೇಕಿತ್ತಲ್ಲ ಬುಧವಾರದಮ್ಮ."

ದೊಡ್ಡಮ್ಮ ನನ್ನ ಕಡೆ ಒಮ್ಮೆ ನೋಡಿ, ಬರೆದದ್ದನ್ನು ಹೊಡೆದುಹಾಕಿದಳು.

"ಸರಿ, ಬುಧವಾರ ಬನ್ನಿ" ಎಂದಳು.