ಕಾಕಾನ ಹೊಲದ ಅಗಲ

ನಮ್ಮೂರ ಮಂದಿಯ ಸ್ವಭಾವವೇ ಹಾಗೆ. ಒಬ್ಬರ ಹೊಲದಲ್ಲಿ ಗುಂಡಿ ತೋಡಿ ಇನ್ನೊಬ್ಬರದನ್ನು ಬಿಟ್ಟಿರೋ, ಮುಗಿಯಿತು. "ನಮ್ಮ ಹೊಲ ಏನ ಪಾಪ ಮಾಡೇತಿ, ತಂಗೀ?" ಎಂದು ಮನೆತನಕ ಬರುತ್ತಾರೆ. ಅದಕ್ಕೇ ಕೃಷಿ ಕಾಲೇಜಿನ ಕೊನೆಯ ವರ್ಷ, ಮೂಡಲಗಿ ಹತ್ತಿರದ ನಮ್ಮೂರಲ್ಲಿ ಮಣ್ಣಿನ ಉಪ್ಪು ಅಳೆಯಲು ಹೋದಾಗ, ದೊಡ್ಡದಿರಲಿ ಸಣ್ಣದಿರಲಿ, ಹೊಲಕ್ಕೊಂದು ಗುಂಡಿ ತೋಡಿಸಿದೆ.

ಕಾಲುವೆ ನೀರಿನ ಹಿಂದೆಯೇ ಸವಳು ಬಂದಿತ್ತು. ಉಪ್ಪು ಮೇಲೆದ್ದು ಕರಿಮಣ್ಣು ಬೆಳ್ಳಗಾಗುತ್ತಿತ್ತು. ಆ ನೀರನ್ನು ಬಸಿದು ಹೊರಹಾಕಲು ಒಂದೇ ಒಂದು ಬಸಿಗಾಲುವೆ ಮಂಜೂರಾಗಿತ್ತು. ದೂರದ ತಗ್ಗಿನಲ್ಲಿದ್ದ ನಮ್ಮ ಕಾಕಾನ ಹೊಲದಲ್ಲಿ ಗೋಧಿ ಮೊಳಕೆಯಲ್ಲೇ ಸಾಯುತ್ತಿತ್ತು. ಬಸಿಗಾಲುವೆ ಅಲ್ಲಿಗೆ ಬಾರದಿದ್ದರೆ ಆ ಹೊಲದ ಆಸೆ ಬಿಡಬೇಕಿತ್ತು.

ಗೋಕಾಕದ ಕಂಪ್ಯೂಟರ್ ಕ್ಲಾಸಿನಲ್ಲಿ ಕೂತು ನನ್ನ ಅಂಕಿಗಳನ್ನು ಬಣ್ಣಕ್ಕೆ ತಿರುಗಿಸಿದೆ. ಅಡ್ಡಕ್ಕೆ ಕಾಲುವೆಯಿಂದ ದೂರ, ಕೆಳಕ್ಕೆ ಮಣ್ಣಿನ ಆಳ, ಒಂದೊಂದು ಗುಂಡಿಗೆ ಬಣ್ಣದ ಒಂದೊಂದು ಕಂಬ. ಉಪ್ಪು ಕಡಿಮೆಯಿದ್ದರೆ ಹಸಿರು, ನಡುವೆ ಹಳದಿ, ವಿಪರೀತವಾದರೆ ಕೆಂಪು. ಚಿತ್ರ ಚೆಂದವಾಗಿಯೇ ಬಂತು. ನೀರಾವರಿ ಆಫೀಸಿನ ಎಂಜಿನಿಯರ್ ಸಾಹೇಬರು ಅದನ್ನು ನೋಡಿ, "ಹಳದೀನ ಜಾಸ್ತಿ ಐತಲ್ರಿ. ಕೆಂಪ ಕಡೀಕ ಒಂದ ಪಟ್ಟಿ. ಅಷ್ಟಕ್ಕ ಅಲ್ಲಿತನಕ ಯಾಕ ಹೋಗೂದು? ಕಾಲುವಿ ಬಾಜೂಕ ಅಗಿಯೂಣು," ಎಂದು ಪೆನ್ಸಿಲ್ಲಿನಿಂದ ಗೆರೆ ಎಳೆದೇಬಿಟ್ಟರು.

ಮನೆಯಲ್ಲಿ ಕಾಕಾ ಕೇಳಿದ, "ಇದ್ರಾಗ ನನ್ನ ಹೊಲ ಯಾವ್ದು?" ಕೊನೆಯ ಕಂಬ ತೋರಿಸಿದೆ. ಅವನ ಮೀಸೆ ಕುಣಿಯಿತು.

"ನಾ ಇನ್ನೂ ಜೀವಂತ ಅದೇನಿ. ನನ್ನ ಹೊಲ ಯಾವಾಗ ವಾಟ್ನಿ ಆಗಿ ಇಷ್ಟ ಸಣ್ಣದಾತು?"

ಅಯ್ಯೋ ಶಿವನೇ! ತಟ್ಟನೆ ಹೊಳೆಯಿತು. ಕಾಲುವೆ ಬದಿಯ ಮಣ್ಣು ಎಲ್ಲ ಅಣ್ಣತಮ್ಮಂದಿರಿಗೂ ಬೇಕು. ಅದಕ್ಕೇ ಪ್ರತಿ ವಾಟ್ನಿಯಲ್ಲೂ, ಆಸ್ತಿ ಪಾಲಾದಾಗಲೆಲ್ಲ, ಅದು ತುಂಡಾಗಿ ಸಣ್ಣ ಪಟ್ಟಿಗಳಾಗಿತ್ತು, ದೂರದ್ದು ಇಡಿಯಾಗಿ ಉಳಿದಿತ್ತು. ದರಿದ್ರ ಕಂಪ್ಯೂಟರ್ ಮಾತ್ರ ಗುಂಡಿಗೊಂದು ಸಮ ಅಗಲದ ಕಂಬ ಕೊಟ್ಟು ಕೂತಿತ್ತು. ಅಷ್ಟೂ ಪಟ್ಟಿ ಕೂಡಿಸಿದರೂ ಕಾಕಾನ ಹೊಲದ ಅಗಲಕ್ಕೆ ಸಾಲದು, ಆದರೆ ಚಿತ್ರದಲ್ಲಿ ಅವನಿಗೂ ಒಂದೇ ಕಂಬ!

ಮರುದಿನ ಹಗ್ಗ ಹಿಡಿದು ಹೊಲಗಳಿಗೆ ಇಳಿದೆ. ಗುಂಡಿ ಎಲ್ಲಿದೆ ಎಂಬುದನ್ನು ಬಿಟ್ಟು ಬದುವಿನಿಂದ ಬದುವಿಗೆ ಅಳೆದೆ. ಗೋಕಾಕಕ್ಕೆ ಹೋಗಿ ಒಂದೊಂದು ಕಂಬವನ್ನೂ ಹೊಲದ ಅಗಲಕ್ಕೆ ತಕ್ಕಂತೆ ಎಳೆದು ಹಿಗ್ಗಿಸಿದೆ, ಕುಗ್ಗಿಸಿದೆ. ಆಳಕ್ಕೂ ಹಾಗೆಯೇ, ಗೇಣುದ್ದದ ಮಣ್ಣಿನ ಪದರಕ್ಕೆ ತೆಳ್ಳನೆಯ ಸಾಲು, ಮೊಳದುದ್ದದ ಪದರಕ್ಕೆ ದಪ್ಪ ಸಾಲು. ಕೆಂಪು ಬಣ್ಣ ಹಾಳೆಯ ತುಂಬ ಹರಡಿಕೊಂಡಿತು. ಖುಷಿಗೆ ಕುರ್ಚಿಯಿಂದ ಎದ್ದು ನಿಂತೆ.

ಸಾಹೇಬರ ಮುಂದೆ ಹಾಳೆಯನ್ನು ಬಡಿದೇ ಇಟ್ಟೆ.

"ಅಬಬಬ! ಉಪ್ಪು ಇಷ್ಟ ಲಗೂ ಹೆಚ್ಚಾತೇನ್ರಿ?"

"ಉಪ್ಪು ಇದ್ದಷ್ಟ ಐತ್ರಿ. ಹೊಲ ಈಗ ತನ್ನ ಅಗಲಕ್ಕ ಬಂದೇತಿ."

ಅವರು ರಬ್ಬರ್ ತೆಗೆದುಕೊಂಡು ಹಳೆಯ ಗೆರೆ ಅಳಿಸಿ, ಕಾಕಾನ ತಗ್ಗಿನುದ್ದಕ್ಕೂ ಹೊಸದು ಎಳೆದರು. ಗೆದ್ದೆ! ಬಸ್ಸಿನಲ್ಲಿ ಊರು ಮುಟ್ಟುವತನಕ ಒಬ್ಬಳೇ ನಗುತ್ತಿದ್ದೆ.

ಬಸಿಗಾಲುವೆ ಹರಿದು ಒಂದೆರಡು ಮಳೆಗಾಲ ಕಳೆದ ಮೇಲೆ ಮತ್ತೆ ಉಪ್ಪು ಅಳೆದು ಚಿತ್ರ ತೆಗೆದೆ. ಗೋಧಿ ಮೊಳಕಾಲಿಗೆ ಬಂದಿತ್ತು. ಈ ಸಲ ತನ್ನ ಹೊಲ ಯಾವುದೆಂದು ಕಾಕಾ ಕೇಳಲಿಲ್ಲ. ಹಾಳೆಯ ಮೇಲಿನ ಅಗಲವಾದ ಹಸಿರಿನ ಮೇಲೆ ತಾನೇ ಅಂಗೈ ಊರಿದ.

"ಬಣ್ಣ ಯಾವ್ದರ ಹಚ್ಚು, ಮಗಳ," ಎಂದ. "ಅಗಲ ಮಾತ್ರ ಕಡಿಮಿ ಮಾಡಬ್ಯಾಡ."