ಗೌರವ್ವನ ಕಲ್ಲು

೧೯೬೬ರಲ್ಲಿ ನಾನು ಜತ್ತ ತಾಲ್ಲೂಕಿನ ಉಮದಿಯಲ್ಲಿ ಕುಷ್ಠರೋಗ ನಿಯಂತ್ರಣದ ಟೆಕ್ನಿಶಿಯನ್ ಆಗಿದ್ದೆ. ಜನ ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ತಿದ್ದಿ ತಿದ್ದಿ ಸಾಕಾಗಿ ಸುಮ್ಮನಾಗಿದ್ದೆ. ಒಂದು ಸೈಕಲ್ಲು, ಚೀಲದಲ್ಲಿ ಡಿ.ಡಿ.ಎಸ್. ಗುಳಿಗೆ, ಒಂದು ಗುಂಡುಸೂಜಿ, ಒಂದು ಕೋಳಿಪುಕ್ಕ, ಇಷ್ಟೇ ನನ್ನ ದವಾಖಾನೆ. ಮೈಮೇಲಿನ ಮಚ್ಚೆಗೆ ಪುಕ್ಕ ಸವರಿದ್ದು ರೋಗಿಗೆ ತಿಳಿಯದಿದ್ದರೆ ಅಲ್ಲಿನ ನರ ಕೆಟ್ಟಿದೆ ಎಂದು ಅರ್ಥ. ಗುಳಿಗೆಯನ್ನು ವರ್ಷಗಟ್ಟಲೆ ನುಂಗಬೇಕು. ಆಗ ರೋಗ ನಿಲ್ಲುತ್ತದೆ, ಆದರೆ ಹೋದ ಸ್ಪರ್ಶ ಮರಳುವುದು ಅಪರೂಪ.

ನನ್ನ ಸುತ್ತಿಗೆ ಸೇರಿದ ಹಳ್ಳಿ ಅಸಂಗಿಯ ಗೌರವ್ವ ಕುರಿ ಸಾಕುವ ಮನೆತನದ ಸೊಸೆ, ಚಿಕ್ಕ ಪ್ರಾಯದವಳು. ರೋಗ ಬಯಲಾದ ಮೇಲೆ ಗಂಡ ಮಾಯಪ್ಪ ಹೊಲದ ಅಂಚಿಗೆ ಅವಳಿಗೊಂದು ಗುಡಿಸಲು ಹಾಕಿಕೊಟ್ಟಿದ್ದ. ಅತ್ತೆ ಕಲ್ಲವ್ವ ದಿನಾ ರೊಟ್ಟಿ ತಂದು ಗುಡಿಸಲಿನ ಎದುರಿನ ಚಪ್ಪಟೆ ಕಲ್ಲಿನ ಮೇಲಿಟ್ಟು, ಒಂದು ಕೂಗು ಹಾಕಿ ಹೊರಟುಬಿಡುತ್ತಿದ್ದಳು. ಕೆಟ್ಟ ಹೆಂಗಸಲ್ಲ, ಒಂದು ದಿನವೂ ರೊಟ್ಟಿಯ ಜೊತೆ ಶೇಂಗಾ ಚಟ್ನಿ ಮರೆತವಳಲ್ಲ. ಊರಿನ ರೂಢಿಯೇ ಹಾಗಿತ್ತು, ಅದನ್ನು ನಾನೂ ಪ್ರಶ್ನಿಸಿರಲಿಲ್ಲ.

ತಿಂಗಳುಗಟ್ಟಲೆ ಗುಳಿಗೆ ಕೊಟ್ಟರೂ ಅವಳ ಮಚ್ಚೆಗಳು ಹಬ್ಬುತ್ತಲೇ ಹೋದವು. ಒಂದು ದಿನ ಒಲೆಯ ಬೂದಿಯಲ್ಲಿ ನನ್ನ ಗುಳಿಗೆಗಳೇ ಕಂಡವು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಸರಿಯಾಗಿ ಗದರಿಸಿದೆ. ಅವಳು ಅಳಲಿಲ್ಲ. ಕಲ್ಲಿನ ಕಡೆ ನೋಡಿ ಮೆಲ್ಲಗೆ ಹೇಳಿದಳು:

"ನನಗ ದಿನಾ ಎಡಿ ಇಡತಾರ್ರಿ, ಸಾಹೇಬ್ರ. ಸತ್ತವರಿಗೆ ಗುಳಿಗಿ ಯಾಕ್ರಿ?"

ಎಡೆ ಎಂದರೆ ದೇವರಿಗೆ, ಇಲ್ಲವೇ ಸತ್ತವರಿಗೆ ಇಡುವ ಅನ್ನ. ಇಟ್ಟವರು ಅಲ್ಲಿ ನಿಲ್ಲುವುದಿಲ್ಲ, ಉಣ್ಣುವವರ ಮುಖ ನೋಡುವುದಿಲ್ಲ. ಗೌರವ್ವ ದೇವರಂತೂ ಅಲ್ಲ.

ಈ ಮಾತನ್ನು ನಾನು ಹೇಳಿದ್ದು ಮಾರ್ಥಾಬಾಯಿಗೆ. ಅಸಂಗಿಯಲ್ಲಿ ಹೆರಿಗೆ ಮಾಡಿಸುತ್ತಿದ್ದ ಸರ್ಕಾರಿ ನರ್ಸ್, ವಿಧವೆ, ಊರಿಗೆಲ್ಲ 'ಬಾಯಾರು'. ಅಲ್ಲಿದ್ದ ಕ್ರೈಸ್ತ ಮನೆ ಅವರದೊಂದೇ. ಹಿಟ್ಟು ನಾದುವ ಮೊದಲು ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುವುದು ಅವರ ತಾಯಿಯ ಕಾಲದಿಂದ ಬಂದ ಪದ್ಧತಿ. ಅದು ದೇವರ ಪಾಲು, ಚರ್ಚಿಗೆ ಹೋಗಬೇಕಾದದ್ದು. ಚರ್ಚು ದೂರ, ಬಸ್ಸು ಅಪರೂಪ. ಮುಂದಿನ ಭಾನುವಾರ ಬಾಯಾರು ಮನೆಯಲ್ಲೇ ಪ್ರಾರ್ಥನೆ ಮುಗಿಸಿ ಆ ಹಿಟ್ಟಿನಲ್ಲಿ ರೊಟ್ಟಿ ಬಡಿದು ಗುಡಿಸಲಿಗೆ ಹೊರಟರು. ಒಂದು ಹಿಡಿ ಹಿಟ್ಟಿನಿಂದ ಮಹಾರೋಗ ಓಡಿಹೋಗುತ್ತದೇನು ಎಂದು ನಾನು ಚುಡಾಯಿಸಿದೆ.

"ಹಿಡಿ ನಂದ್ರಿ ಸಾಹೇಬ್ರ, ಮುಂದಿಂದು ಯೇಸುಸ್ವಾಮಿದು," ಎಂದರು.

ಅವರು ಕಲ್ಲನ್ನು ದಾಟಿ ಒಳಗೆ ಹೋಗಿ ಗೌರವ್ವನ ಕೈಗೇ ರೊಟ್ಟಿ ಕೊಟ್ಟರು. ಅವಳು ಕೈ ಹಿಂದೆಳೆದುಕೊಂಡಳಂತೆ. ಇವರು ಬಿಡದೆ ಪಕ್ಕದಲ್ಲೇ ಕುಳಿತು ಅದೇ ರೊಟ್ಟಿ ಮುರಿದು ತಾವೂ ಉಂಡರು. ಹೀಗೆ ಪ್ರತಿ ಭಾನುವಾರ. ಬೂದಿಯಲ್ಲಿ ಗುಳಿಗೆ ಬೀಳುವುದು ನಿಂತಿತು.

ಕಲ್ಲವ್ವ ಇದನ್ನೆಲ್ಲ ಬದುವಿನಾಚೆ ನಿಂತು ನೋಡುತ್ತಿದ್ದಳು. ಬಾಯಾರ ಕೈಗೆ ಮಚ್ಚೆ ಎದ್ದಾವೆಂದು ಒಂದು ಸುಗ್ಗಿ ಪೂರ್ತಿ ಕಾದಳು, ಏಳಲಿಲ್ಲ. ಆಮೇಲೊಂದು ಬೆಳಿಗ್ಗೆ, ನಾನು ಅಲ್ಲಿದ್ದಾಗಲೇ, ಕಲ್ಲಿನ ಹತ್ತಿರ ಬಂದವಳು ಬಗ್ಗಲಿಲ್ಲ. ಕಲ್ಲು ದಾಟಿ ಮುಂದೆ ಬಂದು ಸೊಸೆಯ ಕೈಯಲ್ಲಿ ರೊಟ್ಟಿ ಇಟ್ಟಳು. ಬಿಸಿ ರೊಟ್ಟಿ. ಆ ಕೈಗೆ ಬಿಸಿಯೂ ತಿಳಿಯುತ್ತಿರಲಿಲ್ಲ, ಇನ್ನೊಬ್ಬರ ಬೆರಳೂ ತಿಳಿಯುತ್ತಿರಲಿಲ್ಲ. ಸುಟ್ಟೀತೆಂದು ನಾನು ರೊಟ್ಟಿ ಕಸಿದುಕೊಳ್ಳಲು ಹೋದೆ.

"ಇರಲಿ ಬಿಡ್ರಿ," ಎಂದಳು ಗೌರವ್ವ. "ಕೈಗೆ ತಿಳಿಯೂದಿಲ್ಲ. ನನಗ ತಿಳೀತು."

ಇಲ್ಲಿಗೆ ಕಥೆ ನಿಂತಿದ್ದರೆ ಚೆನ್ನಾಗಿತ್ತು. ೧೯೬೮ರ ಮಳೆಗಾಲದಲ್ಲಿ ಗೌರವ್ವನ ಅಂಗಾಲಿಗೆ ಜಾಲಿಮುಳ್ಳು ಹೊಕ್ಕಿತು. ನೋವೇ ಇಲ್ಲದ ಕಾಲು. ಅದರ ಮೇಲೆಯೇ ನಡೆದಾಡಿದಳು. ವಾಸನೆ ಬಂದಾಗ ಬಾಯಾರು ನೋಡಿದರು. ಅಷ್ಟರಲ್ಲಿ ಕೀವು ರಕ್ತಕ್ಕೆ ಸೇರಿ ಜ್ವರ ಏರಿತ್ತು. ಬಸ್ಸಿನವರು ಅವಳನ್ನು ಹತ್ತಿಸಿಕೊಳ್ಳಲಿಲ್ಲ. ನಾನು ಬೈದೆ, ಕೈಮುಗಿದೆ, ಬಸ್ಸು ಹೊರಟುಹೋಯಿತು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಎತ್ತಿನ ಗಾಡಿಯಲ್ಲಿ ಜತ್ತಿನ ದೊಡ್ಡ ದವಾಖಾನೆಯ ದಾರಿ ಹಿಡಿದೆವು. ಅರ್ಧ ದಾರಿಯಲ್ಲಿ, ಅತ್ತೆಯ ತೊಡೆಯ ಮೇಲೆ ಗೌರವ್ವ ಕಣ್ಣು ಮುಚ್ಚಿದಳು.

ಇಂಥವರ ಹೆಣವನ್ನು ಹಗ್ಗ ಕಟ್ಟಿ ಎಳೆದದ್ದನ್ನು ನಾನು ಕಂಡಿದ್ದೆ. ಗೌರವ್ವನನ್ನು ಮಾಯಪ್ಪ ಮತ್ತು ಅವನ ಅಣ್ಣತಮ್ಮಂದಿರು ಹೆಗಲ ಮೇಲೆ ಹೊತ್ತರು. ಅವರದೇ ಹೊಲದಲ್ಲಿ ಮಣ್ಣು ಮಾಡಿ ಆ ಚಪ್ಪಟೆ ಕಲ್ಲನ್ನು ತಲೆಯ ಕಡೆ ಇಟ್ಟರು. ಮೂರನೆಯ ದಿನ ಕಲ್ಲವ್ವ ಅದರ ಮೇಲೆ ಎಡೆ ಇಟ್ಟು, ಬಾಯಾರ ಕಡೆ ತಿರುಗಿದಳು.

"ಜೀವ ಇದ್ದಾಗ ಇಟ್ಟಿದ್ದು ತಪ್ಪಾತ್ರಿ, ಬಾಯಾರ. ಇನ್ನ ಜೀವ ಇದ್ದವರಿಗೆ ಇಡೂದಿಲ್ಲ."

ಅಂದಿನಿಂದ ಅವಳ ಮನೆಯಲ್ಲೂ ಒಂದು ಗಡಿಗೆ ಬಂತು. ಆಮೇಲೆ ಓಣಿಯಲ್ಲಿ, ಆಮೇಲೆ ಉಮದಿಯಲ್ಲಿ. ಕುರಿಗಾರರ ದೇವರು ಬೀರಪ್ಪನ ಒಕ್ಕಲಿನ ಹೆಂಗಸರು ಅದಕ್ಕೆ 'ಬಾಯಾರ ಹಿಡಿ' ಎಂದೇ ಹೆಸರಿಟ್ಟರು. ಬಾಯಾರು ಯಾರಿಗೂ ಧರ್ಮ ಬದಲಿಸಿ ಎನ್ನಲಿಲ್ಲ. ಯಾರೂ ಬದಲಿಸಲೂ ಇಲ್ಲ. ಅಸಂಗಿಯ ಬೇವಿನ ಗಿಡದ ಕೆಳಗೆ ವಾರಕ್ಕೊಮ್ಮೆ ಗುಳಿಗೆಯ ಜೊತೆ ಆ ಹಿಟ್ಟಿನ ರೊಟ್ಟಿಯ ಊಟ ಶುರುವಾಯಿತು. ಮಚ್ಚೆಗೆ ಸೆರಗು ಮುಚ್ಚಿಕೊಂಡು ವರ್ಷಾನುಗಟ್ಟಲೆ ಅಡಗಿದ್ದವರು ತಾವಾಗಿಯೇ ಬಂದರು, ಬೆರಳು ಕೆಡುವ ಮುಂಚೆಯೇ ಬಂದರು. ೧೯೭೫ರಲ್ಲಿ ನನಗೆ ವರ್ಗವಾದಾಗ ಆ ಸುತ್ತಿನಲ್ಲಿ ಊರ ಹೊರಗೆ ಅಂಥ ಒಂದು ಗುಡಿಸಲೂ ಉಳಿದಿರಲಿಲ್ಲ.

ರೋಗ ನಿಲ್ಲಿಸುವುದು ಗುಳಿಗೆಯೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಗುಳಿಗೆ ನುಂಗಲು ಮನುಷ್ಯ ಮೊದಲು ತಾನು ಬದುಕಿದ್ದೇನೆಂದು ನಂಬಬೇಕು. ನೌಕರಿ ನನಗೆ ಕಲಿಸಿದ್ದು ಇದು. ಕಲಿಯಲು ಗೌರವ್ವನ ಜೀವ ಬೇಕಾಯಿತೆಂಬ ಸಂಕಟ ಹೋಗಿಲ್ಲ.

ಅಲ್ಲಿನ ನನ್ನ ಕೊನೆಯ ವಾರ ಬೇವಿನ ಗಿಡದಡಿಗೆ ಸೊರಡಿಯಿಂದ ಹೊಸ ರೋಗಿಯೊಬ್ಬ ಬಂದಿದ್ದ. ಎಲ್ಲರೂ ಉಣ್ಣಲು ಕುಳಿತರೂ ಅವನು ದೂರದಲ್ಲೇ ನಿಂತು ನೆಲದ ಮೇಲೆ ಏನೋ ಹುಡುಕುತ್ತಿದ್ದ. ಮುದುಕಿ ಕಲ್ಲವ್ವ ರೊಟ್ಟಿ ಹಿಡಿದು ಅವನ ಎದುರಿಗೇ ಹೋಗಿ ನಿಂತಳು.

"ಕಲ್ಲು ಹುಡುಕಬ್ಯಾಡೋ ಯಪ್ಪಾ," ಎಂದಳು. "ಕೈ ಚಾಚು."