ಮನೆಯ ಮೂಗು

ಅವರನ್ನು ನಾನು ಮೊದಲು ನೋಡಿದ್ದು ಬಾಡಿಗೆ ಕೋಣೆಗೆ ಬಂದ ಮೂರನೆಯ ದಿನ, ಮಧ್ಯಾಹ್ನ ಮೂರರ ಸುಮಾರಿಗೆ. ಬಾಗಿಲು ತಟ್ಟಲಿಲ್ಲ, ಹೆಸರು ಹೇಳಲಿಲ್ಲ. ಬಲಗೈಯಲ್ಲಿ ಉರಿಯುವ ಮೇಣದಬತ್ತಿ, ಎಡಗೈ ಅದಕ್ಕೆ ಮರೆ, ಬಗಲಲ್ಲಿ ಚಿಂದಿಬಟ್ಟೆ ತುಂಬಿದ ಚೀಲ. ಉಣ್ಣೆಯ ಟೋಪಿ ಹುಬ್ಬಿನವರೆಗೆ ಇಳಿದಿತ್ತು. ನನ್ನ ಮುಖವನ್ನೂ ನೋಡದೆ ಕಿಟಕಿಯ ಬಳಿ ಹೋಗಿ, "ಸ್ವಲ್ಪ ಉಸಿರು ಬಿಗಿ ಹಿಡೀರಿ" ಎಂದರು.

"ಯಾಕೆ?"

"ನೀವು ಉಸಿರು ಬಿಟ್ರೂ ದೀಪ ಬಾಗುತ್ತೆ. ನಂಗೆ ಬೇಕಾಗಿರೋದು ಕಿಟಕಿ ಉಸಿರು, ನಿಮ್ಮದಲ್ಲ."

ನಾನು ಉಸಿರು ಹಿಡಿದು ನಿಂತೆ. ಚೌಕಟ್ಟಿನ ಉದ್ದಕ್ಕೂ ಮೇಣದಬತ್ತಿ ಮೆಲ್ಲಗೆ ಸಾಗಿತು. ಕೆಳಗಿನ ಮೂಲೆಗೆ ಬಂದಾಗ ಜ್ವಾಲೆ ಒಳಗೆ ಬಾಗಿತು. ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಮೊಂಡು ಚಾಕುವಿನಿಂದ ಚಿಂದಿ ತುರುಕಿ, ಮೇಲೆ ಹಿಟ್ಟಿನ ಅಂಟು ಬಳಿದ ಕಾಗದದ ಪಟ್ಟಿ ಒತ್ತಿದರು. ಚಳಿಗಾಲ ಬರುವ ಮೊದಲು ಆ ಎತ್ತರದ ಬೆಟ್ಟದೂರಿನ ಮನೆಗಳ ಸಂದಿ ಮುಚ್ಚುವುದೇ ಅವರ ಕೆಲಸ. ಎಲ್ಲರಿಗೂ ಅವರು ಸಂದಿ ಮಾಮ.

ನನ್ನ ಕೋಣೆ ಮುಗಿಸಿ ಮನೆಯೊಡತಿಯ ನಡುಮನೆಗೆ ಹೋದರು. ಅಲ್ಲಿ ಇದ್ದಿಲ ಒಲೆ ಇತ್ತು. ಒಲೆಯ ಎದುರಿನ ಗೋಡೆಯಲ್ಲಿ, ಸೂರಿನ ಕೆಳಗೆ, ಅಂಗೈಯಗಲದ ತೂತೊಂದನ್ನು ಬೇಕೆಂದೇ ತೆರೆದು ಸ್ವಚ್ಛ ಮಾಡಿದರು.

ಒಡತಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಇದೇನು ಗ್ರಾಚಾರ ಮಾಮ! ಸೂಜಿ ತೂರೋ ಸಂದಿ ಮುಚ್ತೀರಿ, ಆನೆ ತೂರೋ ತೂತು ಬಿಡ್ತೀರಿ?"

"ಆನೆ ಬಂದ್ರೆ ನನ್ನ ಕರೀರಿ ತಾಯಿ." ಅವರು ಏಣಿ ಇಳಿದು ಬಂದು ಬತ್ತಿ ನಂದಿಸಿದರು. ಆಮೇಲೆ ಒಲೆಯತ್ತ ಕೈ ತೋರಿಸಿದರು. "ಇದ್ದಿಲು ಉರಿಯೋ ಮನೆಗೆ ಮೂಗು ಬೇಕು. ಇದನ್ನ ಮುಚ್ಚಿದ್ರೆ ಮಲಗಿದೋರು ಏಳಲ್ಲ."

ಹದಿನೈದು ದಿನಕ್ಕೆ ಚಳಿ ಬಿದ್ದಿತು. ಬಕೆಟ್ಟಿನ ನೀರಿನ ಮೇಲೆ ಹಾಲಿನ ಕೆನೆಯಂತೆ ಮಂಜುಗಡ್ಡೆ ಕಟ್ಟತೊಡಗಿತು. ಅದೇ ವಾರ ಒಡತಿಯ ಮಗಳು ನಲವತ್ತು ದಿನದ ಕೂಸಿನೊಂದಿಗೆ ತವರಿಗೆ ಬಂದಳು. ತೊಟ್ಟಿಲಿಗೆ ನಡುಮನೆಯಲ್ಲಿ ಇದ್ದ ಜಾಗ ಒಂದೇ, ಆ ತೂತಿನ ಕೆಳಗೆ.

"ಥಂಡಿ ಗಾಳಿ ನೇರ ಮಗು ನೆತ್ತಿ ಮೇಲೇ ಬೀಳ್ತಾ ಇದೆ" ಎಂದು ಒಡತಿ ನನ್ನನ್ನು ಕರೆದರು. "ನೀವು ಎತ್ತರ ಇದ್ದೀರಿ, ಓದಿದೋರು ಬೇರೆ. ಆ ಮುದುಕರ ಮಾತು ಕಟ್ಕೊಂಡು ಮಗೂಗೆ ಶೀತ ತರಿಸ್ಲಾ?"

ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವರಲ್ಲಿ ನಾನೇ ಮೊದಲು. ಇದ್ದಿಲ ಹೊಗೆಯ ವಿಷದ ಬಗ್ಗೆ ಪರೀಕ್ಷೆಯಲ್ಲಿ ಒಂದೂವರೆ ಪುಟ ಬರೆದಿದ್ದೆ. ಒಂದೂವರೆ ಪುಟ ಬರೆದ ಅದೇ ಕೈಯಿಂದ ವೃತ್ತಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ತೂತಿಗೆ ತುರುಕಿದೆ. ಕೆಲಸ ಅಚ್ಚುಕಟ್ಟಾಗಿರಲೆಂದು ಮೇಲೆ ಕಾಗದ ಅಂಟಿಸಿ ಸುಣ್ಣವನ್ನೂ ಬಳಿದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಬಿಸಿನೀರು ತರಲು ಹೋದೆ. ಹೊಸ್ತಿಲ ಹೊರಗೆ ಬೆಕ್ಕು ಕೂತಿತ್ತು. ಬಾಗಿಲು ತೆರೆದರೂ ಒಳಗೆ ಬರಲಿಲ್ಲ. ಒಡತಿ ತಲೆಗೆ ಬಟ್ಟೆ ಬಿಗಿದು ಒಲೆಯ ಪಕ್ಕ ಕೂತಿದ್ದರು.

"ತಲೆ ಸಿಡೀತಾ ಇದೆ, ಚಳಿಗೇ ಇರಬೇಕು. ಆದ್ರೆ ಎಷ್ಟು ಬೆಚ್ಚಗಿತ್ತು ಅಂತೀರಿ! ಕೂಸು ಒಂದ್ಸಲಾನೂ ಅಳಲಿಲ್ಲ. ಬಂಗಾರದಂಥ ಮಗು."

ಮಗಳು ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ತಾಯಿ ಎರಡು ಸಲ ಕರೆದರೂ ಓಗೊಡಲಿಲ್ಲ. "ಬಾಣಂತಿ ನಿದ್ದೆ" ಎಂದರು ಒಡತಿ. ತೊಟ್ಟಿಲು ಅಲುಗಾಡುತ್ತಿರಲಿಲ್ಲ. ನಾನು ನೀರು ಹಿಡಿದುಕೊಂಡು, ಬಾಗಿಲು ಭದ್ರವಾಗಿ ಎಳೆದುಕೊಂಡು, ನನ್ನ ಕೋಣೆಗೆ ಬಂದೆ.

ಗಡ್ಡ ಅರ್ಧ ಹೆರೆದಿದ್ದೆ. ಬೀದಿಯಲ್ಲಿ ಕೂಗು ಕೇಳಿತು: "ಯಾರು ಮುಚ್ಚಿದ್ದು? ಮೂಗು ಯಾರು ಮುಚ್ಚಿದ್ದು?"

ಗಟ್ಟಿ ಚಳಿ ಬಿದ್ದ ಬೆಳಿಗ್ಗೆ ಸಂದಿ ಮಾಮ ತಾವು ಮುಚ್ಚಿದ ಮನೆಗಳನ್ನೆಲ್ಲ ಬೀದಿಯಿಂದಲೇ ನೋಡುತ್ತ ಹೋಗುತ್ತಿದ್ದರು. ಒಲೆ ಉರಿಯುವ ಮನೆಯ ತೂತಿನಿಂದ ಬಿಳಿ ಆವಿ ಬರಬೇಕು. ನಮ್ಮ ಗೋಡೆಯಿಂದ ಬಂದಿರಲಿಲ್ಲ. ನಾನು ಹೊರಗೆ ಓಡುವಷ್ಟರಲ್ಲಿ ಅವರು ತಾವೇ ಸಂದಿ ಮುಚ್ಚಿದ್ದ ನಡುಮನೆಯ ಕಿಟಕಿಯ ಗಾಜನ್ನು ಚಾಕುವಿನ ಹಿಡಿಯಿಂದ ಒಡೆದು, ಬಾಗಿಲು ದೂಡಿ ಒಳಗೆ ನುಗ್ಗಿದ್ದರು. ಒಡತಿ, ಮಗಳು ತೂರಾಡುತ್ತ ಅಂಗಳಕ್ಕೆ ಬಂದು ಕುಸಿದರು. ಕೂಸು ಮಾಮನ ತೋಳಿನಲ್ಲಿತ್ತು. ಕತ್ತು ಜೋತಿತ್ತು.

ಅವರು ಅದರ ಅಂಗಾಲು ತಟ್ಟಿದರು, ಬೆನ್ನು ಉಜ್ಜಿದರು, ಮುಖಕ್ಕೆ ಗಾಳಿ ಊದಿದರು. ಬೀದಿಯಲ್ಲಿ ನಿಂತವರೆಲ್ಲ ಉಸಿರು ಬಿಗಿ ಹಿಡಿದಿದ್ದೆವು. ಈ ಸಲ ಯಾರೂ ಹೇಳಬೇಕಾಗಲಿಲ್ಲ. ಬಹಳ ಹೊತ್ತಿನ ಮೇಲೆ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ ಬಂತು. ಆಮೇಲೆ ಅಳು.

ಮಾಮ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿ, ನನ್ನ ಬೆರಳಿನಲ್ಲಿದ್ದ ಸುಣ್ಣದ ಕಲೆ ನೋಡಿದರು.

"ನಾನು ಮೊದಲು ಮಾಡಿದ ಮನೆ ನಮ್ಮಕ್ಕಂದು" ಎಂದರು. "ಒಂದು ಸಂದೀನೂ ಬಿಡಲಿಲ್ಲ. ಎಲ್ಲರೂ ಶಹಭಾಸ್ ಅಂದ್ರು. ಅಕ್ಕ, ಭಾವ, ಎರಡು ಮಕ್ಕಳು." ಚೀಲ ಹೆಗಲಿಗೆ ಹಾಕಿಕೊಂಡು ಮುಂದಿನ ಮನೆಯ ಗೋಡೆ ನೋಡಲು ಹೊರಟರು.

ಇದಾಗಿ ಹನ್ನೊಂದು ವರ್ಷ. ಮಾಮ ಈಗ ಏಣಿ ಹತ್ತುವುದಿಲ್ಲ, ಕಣ್ಣಿಗೆ ಪೊರೆ ಬಂದಿದೆ. ಗಟ್ಟಿ ಚಳಿ ಬಿದ್ದ ಬೆಳಿಗ್ಗೆ ನನ್ನ ತೋಳು ಹಿಡಿದು ಬೀದಿ ಬೀದಿ ನಡೆಯುತ್ತಾರೆ. ಪ್ರತಿ ಮನೆಯ ಮುಂದೆ ನಿಂತು "ಉಸಿರಿದೆಯಾ?" ಎಂದು ಕೇಳುತ್ತಾರೆ, ನಾನು ನೋಡಿ ಹೇಳುತ್ತೇನೆ.